ಬಿಪಿ ಮಾತ್ರೆ ಬಿಡುವ ಮೊದಲು ಇದನ್ನು ಓದಿ

‘ಬಿಪಿ ಮಾತ್ರೆ ಜಾಸ್ತಿ ತಿನ್ಬೇಡಿ, ಕಿಡ್ನಿ ಹೋಗುತ್ತೆ.’ ಮದುವೆ ಮನೆಯಲ್ಲಿ, ವಾಟ್ಸಾಪ್ ಗ್ರೂಪಿನಲ್ಲಿ, ವಾಕಿಂಗ್ ಹೋದ ಕಡೆ, ಎಲ್ಲೆಲ್ಲೂ ಈ ಮಾತು. ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಇದನ್ನು ನಂಬಿ ಮಾತ್ರೆ ಬಿಟ್ಟವರ ಕಿಡ್ನಿಯೇ ಬೇಗ ಕೆಡುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಬಹಳಷ್ಟು ಜನರಲ್ಲಿ ತೊಂದರೆ ಶುರುವಾಗುವುದು ಹೊಟ್ಟೆಯ ಬೊಜ್ಜಿನಿಂದ. ಬೊಜ್ಜು ಸೇರುತ್ತಾ ಹೋದಂತೆ ಸ್ನಾಯು, ಲಿವರ್ ಎರಡೂ ಶುಗರ್ ಇಳಿಸುವ ಹಾರ್ಮೋನ್ ಇನ್ಸುಲಿನ್‌ನ ಮಾತು ಕೇಳುವುದಿಲ್ಲ. ಇದೇ ಇನ್ಸುಲಿನ್ ರೆಸಿಸ್ಟೆನ್ಸ್. ದೇಹ ಇನ್ನಷ್ಟು ಇನ್ಸುಲಿನ್ ಸುರಿಸಿ ಹೇಗೋ ಸಂಭಾಳಿಸುತ್ತದೆ. ಶುಗರ್ ರಿಪೋರ್ಟ್ ವರ್ಷಗಟ್ಟಲೆ ನಾರ್ಮಲ್ ಬರುತ್ತದೆ, ನಾವೂ ಆರಾಮಾಗಿರುತ್ತೇವೆ. ಆದರೆ ಸ್ನಾಯು ಕೇಳದ ಮಾತನ್ನು ಕಿಡ್ನಿ ಕೇಳುತ್ತದೆ! ಇನ್ಸುಲಿನ್ ಜಾಸ್ತಿಯಾದಷ್ಟೂ ಅದು ಉಪ್ಪನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪಿನ ಜೊತೆ ನೀರು ಉಳಿಯುತ್ತದೆ, ಬಿಪಿ ಏರುತ್ತದೆ. ಶುಗರ್, ಬಿಪಿ, ಬೊಜ್ಜು ಒಂದೇ ಮನೆಯಲ್ಲಿ ಒಟ್ಟಿಗೆ ಕಾಣುವುದು ಸುಮ್ನೆ ಅಲ್ಲ. ಅಮೆರಿಕದ ವೈದ್ಯ ಜೆರಾಲ್ಡ್ ರೀವನ್ 1988ರಲ್ಲೇ ಈ ನಂಟನ್ನು ಎತ್ತಿ ತೋರಿಸಿದ್ದರು. ಗಂಡಸರ ಸೊಂಟ 90 ಸೆಂ.ಮೀ., ಹೆಂಗಸರದು 80 ಸೆಂ.ಮೀ. ದಾಟಿದ್ದರೆ, ಕತ್ತಿನ ಹಿಂದೆ ಕಪ್ಪಾಗಿ ದಪ್ಪಗಾಗಿದ್ದರೆ ಒಮ್ಮೆ ಡಾಕ್ಟರಿಗೆ ತೋರಿಸಿ.

ಈಗ ಕಿಡ್ನಿಯ ಒಳಗೆ ಬನ್ನಿ. ಒಂದೊಂದರಲ್ಲೂ ಸುಮಾರು 10 ಲಕ್ಷ ಸಣ್ಣ ಜರಡಿಗಳಿವೆ. ಪ್ರತಿ ಜರಡಿಗೂ ರಕ್ತ ಬರುವ ದಾರಿ ಒಂದು, ಹೋಗುವ ದಾರಿ ಒಂದು. ಶುಗರ್ ಏರಿದಾಗ ಬರುವ ದಾರಿ ಅಗಲವಾಗುತ್ತದೆ. ಆಂಜಿಯೋಟೆನ್ಸಿನ್ ಅನ್ನುವ ಹಾರ್ಮೋನ್ ಹೋಗುವ ದಾರಿಯನ್ನು ಬಿಗಿ ಮಾಡುತ್ತದೆ. ಮೇಲಿನಿಂದ ಬಿಪಿಯ ಒತ್ತಡ ಬೇರೆ. ಮಧ್ಯೆ ಸಿಕ್ಕಿದ ಜರಡಿ ಏನು ಮಾಡೀತು? ಮೊದಮೊದಲು ಜಾಸ್ತಿಯೇ ಸೋಸುತ್ತದೆ, ಆಮೇಲೆ ಹಿಗ್ಗಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಸೋರಲು ಶುರುವಾಗುತ್ತದೆ. ಕೊನೆಗೆ ಗಾಯ ಕಟ್ಟಿ ಮುಚ್ಚಿಹೋಗುತ್ತದೆ. ಹೋದ ಜರಡಿ ಮತ್ತೆ ಹುಟ್ಟುವುದಿಲ್ಲ. ಅದರ ಕೆಲಸವೂ ಉಳಿದವುಗಳ ತಲೆಗೆ ಬೀಳುತ್ತದೆ. ಕೆಟ್ಟ ಕಿಡ್ನಿ ಬಿಪಿಯನ್ನು ಇನ್ನಷ್ಟು ಏರಿಸುತ್ತದೆ.

ಟೆಲ್ಮಿಸಾರ್ಟನ್, ಲೋಸಾರ್ಟನ್, ರಾಮಿಪ್ರಿಲ್ ಮಾತ್ರೆಗಳು ಬಿಪಿ ಇಳಿಸುವುದರ ಜೊತೆಗೆ ಆ ಹೋಗುವ ದಾರಿಯನ್ನು ಸಡಿಲ ಮಾಡುತ್ತವೆ. ಶುಗರ್ ಮಾತ್ರೆಗಳಾದ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಕೂಡ ಜರಡಿಯ ಒತ್ತಡ ಇಳಿಸುತ್ತವೆ. ಅಂದರೆ ನಾವು ಹೆದರಿ ಬಿಡುತ್ತಿರುವುದು ಕಿಡ್ನಿ ಕಾಯುವ ಮಾತ್ರೆಯನ್ನೇ.

ಹಾಗಾದರೆ ಈ ಭಯ ಎಲ್ಲಿಂದ ಬಂತು? ಕಿಡ್ನಿ ಕೆಟ್ಟ ಹೆಚ್ಚಿನವರು ಬಿಪಿ ಮಾತ್ರೆ ತಿನ್ನುತ್ತಿರುತ್ತಾರೆ, ಅಲ್ವಾ? ಹಾಗಾಗಿ ತಪ್ಪೆಲ್ಲ ಮಾತ್ರೆಯ ತಲೆಗೆ ಬಂತು. ನಿಜವಾಗಿ ಹೆದರಬೇಕಾದದ್ದು ಮಂಡಿನೋವಿಗೆಂದು ಚೀಟಿ ಇಲ್ಲದೆ ದಿನಾ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗೆ. ಒಳಗೇನಿದೆ ಎಂದು ಬರೆಯದ ‘ಶುಗರ್ ಪುಡಿ’ಗಳಿಗೂ ಅಷ್ಟೇ ಹೆದರಿ.

ಕಿಡ್ನಿ ಹೇಗಿದೆ ಅಂತ ನೋಡಲು ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್ ನಾರ್ಮಲ್ ಅಂತ ನೆಮ್ಮದಿಯಾಗಿ ಕೂರಬೇಡಿ. ಕಿಡ್ನಿಯ ಶಕ್ತಿ ಅರ್ಧದಷ್ಟು ಹೋಗುವ ತನಕ ಅದು ನಾರ್ಮಲ್ ಆಗಿಯೇ ಕಾಣಬಹುದು. ಮೂತ್ರದಲ್ಲಿ ಆಲ್ಬುಮಿನ್ ಎಷ್ಟು ಸೋರುತ್ತಿದೆ ಎಂದು ಹೇಳುವ ಎಸಿಆರ್ ಟೆಸ್ಟ್ ಎಷ್ಟೋ ಮೊದಲೇ ಸುಳಿವು ಕೊಡುತ್ತದೆ. ರಿಪೋರ್ಟಿನಲ್ಲಿ 30 mg/gಗಿಂತ ಕಡಿಮೆ ಇದ್ದರೆ ಸರಿ. ಶುಗರ್ ಅಥವಾ ಬಿಪಿ ಇದ್ದವರು ವರ್ಷಕ್ಕೊಮ್ಮೆ ಇದನ್ನು ಕೇಳಿ ಮಾಡಿಸಿಕೊಳ್ಳಿ. ಡಾಕ್ಟರ್ ಬರೆಯದಿದ್ದರೆ ನೀವೇ ನೆನಪಿಸಿ, ಸಂಕೋಚ ಬೇಡ.

ಇನ್ನೊಂದು ಮಾತು. ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಮಾತ್ರೆ ಶುರು ಮಾಡಿದಾಗ ಕ್ರಿಯಾಟಿನಿನ್ ಸ್ವಲ್ಪ ಏರಬಹುದು, ಪೊಟ್ಯಾಷಿಯಂ ಕೂಡ. ಒಂದೆರಡು ವಾರ ಬಿಟ್ಟು ರಕ್ತ ಪರೀಕ್ಷೆ ಮಾಡಿಸುವುದು ಅದಕ್ಕೇ. ಗರ್ಭಿಣಿಯರಿಗೆ ಇವು ಬೇಡ. ವಾಂತಿ ಭೇದಿ ಜೋರಾಗಿದ್ದ ದಿನ ಮಾತ್ರೆ ತಗೋಬೇಕಾ, ಬೇಡವಾ ಎಂದು ಡಾಕ್ಟರಿಗೇ ಫೋನ್ ಮಾಡಿ ಕೇಳಿ.