ಪೇಸರ್ ಮಾಡಿದ್ದು ಜಗಳ ಅಲ್ಲ, ದೂರು

ನನ್ನ ಈಜಿಪ್ಟ್ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ನಿನ್ನೆ ರಾತ್ರಿ ಒಂದು ವಿಡಿಯೊ ನೋಡಿದೆ. ಅದರಲ್ಲಿ ಪ್ರಾಚೀನ ಈಜಿಪ್ಟಿನ ಮೇಯರ್ ಪೇಸರ್‌ಗೆ ಕೊಟ್ಟಿದ್ದು ಎರಡೇ ನಿಮಿಷ. ಅದನ್ನೂ ‘ಇಬ್ಬರು ಮೇಯರ್‌ಗಳ ಹೊಟ್ಟೆಕಿಚ್ಚಿನ ಜಗಳ’ ಅಂತ ಹೇಳಿ ಮುಗಿಸಿದರು. ಆಮೇಲೆ ನನಗೆ ನಿದ್ದೆ ಹತ್ತಲಿಲ್ಲ.

ಅದು ಜಗಳ ಅಲ್ಲ ಕಣ್ರೀ. ದೂರು.

ಕ್ರಿ.ಪೂ. 1110ರ ಸುಮಾರು. ಫೇರೋ, ಅಂದರೆ ರಾಜ, ಒಂಬತ್ತನೇ ರಾಮ್ಸೆಸ್ ಆಳ್ವಿಕೆಯ 16ನೇ ವರ್ಷ. ಥೀಬ್ಸ್‌ನಲ್ಲಿ, ಅಂದರೆ ಈಗಿನ ಲಕ್ಸರ್‌ನಲ್ಲಿ, ನೈಲ್ ನದಿಯ ಪೂರ್ವ ದಡಕ್ಕೆ ಪೇಸರ್ ಮೇಯರ್. ಗೋರಿಗಳಿದ್ದ ಪಶ್ಚಿಮ ದಡಕ್ಕೆ ಪವೇರಾ. ರಾಜರ ಗೋರಿಗಳಿಗೆ ಕಳ್ಳರು ನುಗ್ಗಿದ್ದಾರೆ ಅಂತ ಪೇಸರ್ ಮೇಲಿನವರಿಗೆ ತಿಳಿಸಿದ. ತನಿಖಾ ತಂಡ 10 ರಾಜಗೋರಿ ನೋಡಿ ಬಂತು. ಒಂಬತ್ತು ಭದ್ರ, ಸೊಬೆಕೆಮ್ಸಾಫ್ ರಾಜನದ್ದು ಮಾತ್ರ ಲೂಟಿ ಅಂತ ಬರೆಯಿತು.

‘ಮೊದಲನೇ ಅಮೆನ್‌ಹೋಟೆಪ್ ರಾಜನ ಗೋರಿ ಒಡೆದಿದೆ ಅಂತ ಪೇಸರ್ ಅಂದಿದ್ದು ಸುಳ್ಳಾಯ್ತಲ್ವಾ?’ ಅಂತ ಕೇಳುತ್ತಾರೆ. ಹೌದು, ಆಯ್ತು. ಆದರೆ ಅದೇ ವರದಿಯ ಮುಂದಿನ ಸಾಲು ಓದಿ. ಜನಸಾಮಾನ್ಯರ ಗೋರಿಗಳೆಲ್ಲ ಲೂಟಿಯಾಗಿದ್ದವು. ಹೆಣಗಳನ್ನು ಪೆಟ್ಟಿಗೆಯಿಂದ ಎಳೆದು ಮರಳಿನ ಮೇಲೆ ಬಿಸಾಕಿದ್ದರು. ಒಂದು ತಪ್ಪು ಹಿಡಿದು ಇಡೀ ದೂರನ್ನೇ ಸುಳ್ಳು ಅನ್ನೋದು ಯಾವ ನ್ಯಾಯ?

ಹಾಗೆ ಅಂದವರಲ್ಲಿ ನಾನೂ ಒಬ್ಬ. ಹಿಂದೆ ನಾನಿದ್ದ ಕಚೇರಿಯಲ್ಲಿ ಉಗ್ರಾಣದ ಸಾಮಾನು ಕಾಣೆಯಾಗಿದೆ ಅಂತ ಜೊತೆಯವರೊಬ್ಬರು ಬರೆದುಕೊಟ್ಟಿದ್ದರು. ಪಟ್ಟಿಯಲ್ಲಿದ್ದ ಒಂದು ಸಾಮಾನು ಇದ್ದಲ್ಲೇ ಸಿಕ್ಕಿತು. ಅಷ್ಟಕ್ಕೇ ‘ದೂರಿನಲ್ಲಿ ಹುರುಳಿಲ್ಲ’ ಅಂತ ಬರೆದೆವು. ಮೂರು ಸಹಿಗಳಲ್ಲಿ ಒಂದು ನನ್ನದು. ಅವರು ಆಮೇಲೆ ನಮ್ಮ ಜೊತೆ ಊಟಕ್ಕೆ ಕೂರಲಿಲ್ಲ.

ಪೇಸರ್‌ಗೆ ಏನಾಯ್ತು ನೋಡಿ. ತನಿಖೆಯ ಮರುದಿನ ಸಂಜೆ ಪಶ್ಚಿಮ ದಡದ ಕೆಲಸಗಾರರು, ಕಾವಲಿನವರು ಎಲ್ಲ ಗುಂಪು ಕಟ್ಟಿಕೊಂಡು ನದಿ ದಾಟಿ ಬಂದರು. ರಾಜಗೋರಿಗಳು ಭದ್ರ ಅಂತ ಅವನ ಮನೆ ಬಾಗಿಲಲ್ಲೇ ಸಂಭ್ರಮ ಮಾಡಿದರು. ಅವನು ಹೆದರಿ ಒಳಗೆ ಕೂರಲಿಲ್ಲ. ಇದು ನನ್ನನ್ನು ಆಡಿಕೊಳ್ಳೋದಕ್ಕೆ ಮಾಡಿದ ಮೆರವಣಿಗೆ ಅಂತ ಮುಖದ ಮೇಲೆ ಹೇಳಿದ. ಇಬ್ಬರು ಲಿಪಿಕಾರರು ಇನ್ನೂ ಐದು ಗಂಭೀರ ಆರೋಪ ತಂದುಕೊಟ್ಟಿದ್ದಾರೆ, ಫೇರೋಗೇ ಬರೆಯುತ್ತೇನೆ ಅಂತ ಆಣೆ ಇಟ್ಟ.

ಪವೇರಾ ಮರುದಿನವೇ ವಜೀರನಿಗೆ ಪತ್ರ ಬರೆದ. ಆ ಲಿಪಿಕಾರರು ಪೇಸರ್ ಹತ್ತಿರ ಹೋಗಿದ್ದೇ ತಪ್ಪಂತೆ, ವಜೀರನಿಗೆ ಹೇಳಬೇಕಿತ್ತಂತೆ! ಕಳ್ಳತನದ ಮಾತು ಹಿಂದೆ ಸರಿಯಿತು. ಯಾರು ಯಾರಿಗೆ ಹೇಳಬೇಕು ಅನ್ನೋದೇ ದೊಡ್ಡದಾಯ್ತು.

ಕಳ್ಳರ ಹೇಳಿಕೆಯೂ ಉಳಿದಿದೆ. ಅಮುನ್‌ಪನೆಫೆರ್ ಅನ್ನೋ ಕಲ್ಲುಕುಟಿಗ ಸೊಬೆಕೆಮ್ಸಾಫ್ ಗೋರಿಯಿಂದ 160 ದೆಬೆನ್ (ಆಗಿನ ತೂಕದ ಅಳತೆ) ಚಿನ್ನ, ಹೆಚ್ಚುಕಡಿಮೆ 14.5 ಕಿಲೋ, ಎಂಟು ಜನ ಹಂಚಿಕೊಂಡೆವು ಅಂದ. ಸಿಕ್ಕಿಬಿದ್ದಾಗ ತನ್ನ ಪಾಲಿನ 20 ದೆಬೆನ್ನನ್ನು ದೋಣಿಕಟ್ಟೆಯ ಲಿಪಿಕಾರನಿಗೆ ಕೊಟ್ಟು ಹೊರಬಂದನಂತೆ. ತಮ್ಮಂತೆ ಕದಿಯುವವರು ಇನ್ನೂ ಬಹಳ ಜನ ಇದ್ದಾರೆ ಅಂತಲೂ ಅಂದ. ಪೇಸರ್ ಹೇಳಿದ್ದೂ ಇದನ್ನೇ ಅಲ್ವಾ?

ಅಮುನ್ ದೇವಾಲಯದಲ್ಲಿ ನ್ಯಾಯಸಭೆ ಸೇರಿತು. ಸಭೆಯ ಸದಸ್ಯರಲ್ಲಿ ಪೇಸರ್ ಕೂಡ ಒಬ್ಬ. ತನ್ನ ದೂರು ಬಿದ್ದುಹೋಗೋದನ್ನು ಅಲ್ಲೇ ಕೂತು ಕೇಳಿದ. ಮರುವರ್ಷದ ಕಾಗದಗಳಲ್ಲಿ ಪವೇರಾ ಇದ್ದಾನೆ, ಅದೇ ಹುದ್ದೆಯಲ್ಲಿ. ಪೇಸರ್ ಸುದ್ದಿ ಇಲ್ಲ.