ಸೊಂಟದಷ್ಟು ನೀರಿನಲ್ಲಿ ಸಾಗರಯಾನ

ನನ್ನ ಬಾಮೈದನಿಗೆ ಯಾವುದಾದರೂ ಹುಚ್ಚು ಹಿಡಿದರೆ ಅದರ ಅರ್ಧ ಭಾರ ನಾನು ಹೊರಬೇಕು. ಇದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ. ಹೋದ ಜನವರಿಯಲ್ಲಿ ಹೊತ್ತದ್ದು ಸುಮಾರು ಹದಿನೇಳೂವರೆ ಕಿಲೋ, ಯಾಕೆಂದರೆ ದೋಣಿಯ ತೂಕ ಮೂವತ್ತೈದು.

ದೋಣಿ ಅಂದರೆ ಅವನಿಗೆ ಸಿಟ್ಟು ಬರುತ್ತದೆ. ಅದು ಕಯಾಕ್. ಇಬ್ಬರು ಕೂರುವಂಥದ್ದು, ಗಟ್ಟಿ ಪ್ಲಾಸ್ಟಿಕ್ಕಿನದು, ಕಿತ್ತಳೆ ಬಣ್ಣ, ಯಾರೋ ಎರಡು ವರ್ಷ ಬಳಸಿ ಬಿಟ್ಟದ್ದು. ಯಾಕೆ ಬಿಟ್ಟರು ಅಂತ ಕೇಳುವ ಬುದ್ಧಿ ನಮಗಿಬ್ಬರಿಗೂ ಬರಲಿಲ್ಲ. ಮಣಿಪಾಲದ ಅವನ ಮನೆಯಿಂದ ಅದನ್ನು ಕಾರಿನ ತಲೆಗೆ ಹಗ್ಗದಲ್ಲಿ ಬಿಗಿದು ಹೊರಟೆವು. ದಾರಿಯುದ್ದಕ್ಕೂ ಉಪನ್ಯಾಸ. ಕಯಾಕ್ ಗ್ರೀನ್‌ಲ್ಯಾಂಡ್ ಕಡೆಯ ಇನ್ಯೂಟ್ ಜನರ ಬೇಟೆ ದೋಣಿಯಂತೆ, ಮರದ ಚೌಕಟ್ಟಿಗೆ ಸೀಲ್ ಚರ್ಮ ಹೊದಿಸಿ ಮಾಡುತ್ತಿದ್ದರಂತೆ. ಮಗುಚಿದರೆ ಒಳಗೆ ಕೂತಲ್ಲೇ ಒಂದು ಸುತ್ತು ಹೊರಳಿ ಮತ್ತೆ ಮೇಲೆ ಬರುತ್ತಿದ್ದರಂತೆ. ಆ ಮಂಜುಗಡ್ಡೆ ನೀರಿಗೆ ಬಿದ್ದರೆ ಬದುಕುವುದು ಕಷ್ಟ, ಅದಕ್ಕೇ ಆ ವಿದ್ಯೆ.

"ನಾವು ಬಿದ್ದರೆ ಏನಾಗುತ್ತೆ?" ಅಂದೆ.

"ಬಟ್ಟೆ ಒದ್ದೆ ಆಗುತ್ತೆ ಭಾವ, ಅಷ್ಟೇ" ಅಂದ.

ಹಿಂದಿನ ಸೀಟಿನಿಂದ ನನ್ನ ಹೆಂಡತಿ, "ಲೋ, ನಿನ್ನ ಭಾವನಿಗೆ ಸ್ವಿಮ್ಮಿಂಗ್ ಪೂಲಿನಲ್ಲೇ ಏಣಿ ಬಿಟ್ಟು ಬರೋಕೆ ಆಗಲ್ಲ" ಅಂದಳು. ಅಕ್ಕ ತಮ್ಮ ಇಬ್ಬರೂ ನಕ್ಕರು. ನಾನು ಕಿಟಕಿಯಾಚೆ ತೆಂಗಿನ ಮರ ಎಣಿಸಿದೆ.

ಮಲ್ಪೆಯಿಂದ ಉತ್ತರಕ್ಕೆ ಹೂಡೆ ದಾಟಿ ಹೋದರೆ ನೆಲ ಕಿರಿದಾಗುತ್ತಾ ಹೋಗುತ್ತದೆ. ಎಡಕ್ಕೆ ಕಡಲು, ಬಲಕ್ಕೆ ಸ್ವರ್ಣಾ ನದಿ, ನಡುವೆ ಒಂದು ರಸ್ತೆ, ಮನೆಗಳು, ಒಣಹಾಕಿದ ಬಲೆಗಳು. ತುದಿಯಲ್ಲಿ ಕೋಡಿ ಬೆಂಗ್ರೆ. ಅಲ್ಲಿ ಸೀತಾ ನದಿಯೂ ಬಂದು ಸೇರಿ, ಎರಡೂ ಒಂದೇ ಅಳಿವೆಯಲ್ಲಿ ಕಡಲಿಗೆ ಇಳಿಯುತ್ತವೆ. ಆಚೆ ದಡದಲ್ಲಿ ಹಂಗಾರಕಟ್ಟೆ. ಒಂದೇ ಕಡೆ ನಿಂತು ಆ ಕಡೆ ತಿರುಗಿದರೆ ನದಿಯ ಮೌನ, ಈ ಕಡೆ ತಿರುಗಿದರೆ ಕಡಲಿನ ಗದ್ದಲ. ಬುದ್ಧಿ ಇರುವವರು ಮೌನದ ಕಡೆ ದೋಣಿ ಹಾಕುತ್ತಾರೆ.

ಬೆಳಿಗ್ಗೆ ನಾವೂ ಅಲ್ಲೇ ಹಾಕಿದೆವು. ನದಿ ಹಾಸಿದ ಚಾಪೆಯ ಹಾಗಿತ್ತು. ಹುಟ್ಟು ಹಾಕುವುದು ಹತ್ತು ನಿಮಿಷದಲ್ಲಿ ಬಂತು. ಒಂದೇ ತೊಂದರೆ, ನನ್ನ ಕುಂಡೆ ಒದ್ದೆಯಾಗುತ್ತಿತ್ತು. ಬಗ್ಗಿ ನೋಡಿದರೆ ದೋಣಿಯ ತಳದಲ್ಲಿ ತೂತು! ಒಂದಲ್ಲ, ಎರಡಲ್ಲ, ಆರು. ಮೇಲಿನಿಂದ ಕೆಳಗಿನವರೆಗೆ ಆರಪಾರ. ಎರಡು ಬೆರಳು ಇಳಿಯುವಷ್ಟು ಅಗಲ. ನಾನು ಕೂತರೆ ಅದರಿಂದ ನೀರು ಪುಳಕ್ ಅಂತ ಮೇಲೆ ಬರುತ್ತಿತ್ತು.

ಮಲೆನಾಡಿನಲ್ಲಿ ಬೆಳೆದವನು ನಾನು. ಸೋರುವ ಜಾಗ ಕಂಡರೆ ಮುಚ್ಚಬೇಕು ಅನ್ನುವುದು ನಮಗೆ ಹುಟ್ಟುಗುಣ. ಮಧ್ಯಾಹ್ನ ಊಟಕ್ಕೆ ದಡಕ್ಕೆ ಬಂದಾಗ, ಬಾಮೈದ ಕೈತೊಳೆಯಲು ಹೋದ ಗಳಿಗೆ ನೋಡಿ, ಬಿದ್ದಿದ್ದ ತೆಂಗಿನಸಿಪ್ಪೆಯಿಂದ ನಾರು ಕಿತ್ತು, ಉಂಡೆ ಕಟ್ಟಿ, ಆರೂ ತೂತಿಗೆ ಹೆಬ್ಬೆರಳಿನಲ್ಲಿ ಒತ್ತಿ ತುಂಬಿದೆ. ಅಚ್ಚುಕಟ್ಟಾದ ಕೆಲಸ. ಹೇಳಿದರೆ ಹೊಗಳುತ್ತಿದ್ದ, ಆದರೆ ದೊಡ್ಡಸ್ತಿಕೆ ಬೇಡ ಅಂತ ಸುಮ್ಮನಾದೆ.

ಬಂಗುಡೆ ಸಾರಿನ ಊಟ ಮುಗಿದ ಮೇಲೆ ಮನುಷ್ಯನಿಗೆ ಇಲ್ಲದ ಧೈರ್ಯ ಬರುತ್ತದೆ. "ಭಾವ, ಕಡಲಿಗೆ ಹಾಕೋಣ. ತೆರೆ ಎರಡಡಿ ಕೂಡ ಇಲ್ಲ" ಅಂದ. ನಾನು ನೋಡಿದೆ. ನಿಜ, ಇರಲಿಲ್ಲ. ಅಳಿವೆ ಬಾಯಿಯ ಹತ್ತಿರ ಸೆಳೆತ ಜಾಸ್ತಿ. ಅಲ್ಲಿಗೆ ಹೋಗುವಂಥ ದಡ್ಡರು ನಾವಲ್ಲ. ನಾವು ಬೇರೆ ಥರದ ದಡ್ಡರು. ದಕ್ಷಿಣಕ್ಕೆ ಸಾಕಷ್ಟು ದೂರ ಬಂದು, ಮರಳು ನಿಧಾನಕ್ಕೆ ಇಳಿಯುವ ಕಡೆ, ಲೈಫ್ ಜಾಕೆಟ್ ಬಿಗಿದುಕೊಂಡು, ದೋಣಿ ಹೊತ್ತು ರಸ್ತೆ ದಾಟಿದೆವು. ಅಲ್ಲಿ ಕೈರಂಪಣಿ ಬಲೆ ಎಳೆದು ಮುಗಿಸಿದವರು ಹತ್ತು ಹನ್ನೆರಡು ಜನ ಕೂತಿದ್ದರು. ಬಲೆಯ ಕಸ ಆರಿಸುತ್ತಿದ್ದ ಒಬ್ಬ ಅಜ್ಜ ದೋಣಿಯನ್ನು ನೋಡಿದರು. ಆಮೇಲೆ ನಮ್ಮನ್ನು ನೋಡಿದರು. ಏನೂ ಹೇಳಲಿಲ್ಲ, ಕೆಲಸ ಬಿಟ್ಟು ಆರಾಮಾಗಿ ಕೂತರು. ಸಿನಿಮಾ ಶುರುವಾಗುವ ಮುಂಚೆ ಜನ ಕೂರುತ್ತಾರಲ್ಲ, ಹಾಗೆ.

ನನ್ನ ಹೆಂಡತಿ ಫೋನ್ ಹಿಡಿದಳು.

ಮೊದಲ ಮೂರು ತೆರೆ ದಾಟಿದೆವು. ದೋಣಿಯ ಮೂತಿ ಎದ್ದು, ಧಪ್ ಅಂತ ಬಿದ್ದು, ಮುಖಕ್ಕೆ ಉಪ್ಪುನೀರು ಎರಚಿ, ಎಂಥಾ ಖುಷಿ ಅಂತೀರಿ! ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ 1498ರಲ್ಲಿ ವಾಸ್ಕೋ ಡ ಗಾಮ ಇಳಿದ ಅಂತ ಈ ಕಡೆ ಹೇಳುವುದಿದೆ. ಅವನು ಪೋರ್ಚುಗಲ್ಲಿನಿಂದ ಬಂದ. ನಾವು ದಡದಿಂದ ಮೂವತ್ತಡಿ ಹೋಗಿದ್ದೆವು. ಅಷ್ಟಕ್ಕೇ ನನಗೆ ತಿರುಗಿ ಹೆಂಡತಿಗೆ ಕೈಬೀಸಬೇಕು ಅನ್ನಿಸಿತು.

ಬೀಸಿದೆ. ಒಂದು ಕೈಯಲ್ಲಿ ಹುಟ್ಟು ನೀರಲ್ಲೇ ಉಳಿಯಿತು. ದೋಣಿ ಆ ಹುಟ್ಟಿನ ಸುತ್ತ ಮೆಲ್ಲಗೆ ಅಡ್ಡ ತಿರುಗಿತು. ಮೂತಿ ಕಡಲಿಗಿದ್ದಾಗ ತೆರೆ ಸೀಳಿ ಹೋಗುವ ದೋಣಿ, ಅಡ್ಡ ನಿಂತರೆ ಬರೀ ಒಂದು ಹಲಗೆ. ಆಳ ಕಡಿಮೆಯಾದ ಕಡೆ ತೆರೆಯ ಬುಡ ನೆಲಕ್ಕೆ ತಾಗಿ ನಿಧಾನವಾಗುತ್ತದೆ, ತಲೆ ಮಾತ್ರ ಮುಂದೆ ಓಡಿ ಮುಗ್ಗರಿಸುತ್ತದೆ. ಇದನ್ನು ಬಾಮೈದ ಆಮೇಲೆ ವಿವರಿಸಿದ. ಆ ಹೊತ್ತಿಗೆ ಅದು ನಮ್ಮ ಮೇಲೇ ಮುಗ್ಗರಿಸಿತ್ತು. ಆಗ ತೆರೆಯ ಕಡೆಗೇ ವಾಲಬೇಕಂತೆ. ಯಾವ ಮನುಷ್ಯ ವಾಲುತ್ತಾನೆ ಹೇಳಿ? ಹೊಡೆಯಲು ಬಂದವನ ಕಡೆ ಕೆನ್ನೆ ಕೊಡುವಷ್ಟು ಸಾಧುಗಳೇ ನಾವು? ಇಬ್ಬರೂ ದಡದ ಕಡೆ ವಾಲಿದೆವು. ದೋಣಿಯೂ ಅದೇ ಕಡೆ ವಾಲಿತು.

ನೀರೊಳಗೆ ಹಸಿರು ಕತ್ತಲೆ. ಮೂಗಿನಿಂದ ಹೊಕ್ಕ ಉಪ್ಪು ನೆತ್ತಿಗೆ ಹೋಯಿತು. ಲೈಫ್ ಜಾಕೆಟ್ ಕಿವಿಯವರೆಗೆ ಏರಿತ್ತು. ತಲೆ ಮೇಲೆ ಬಂತು. ಕನ್ನಡಕ ಬರಲಿಲ್ಲ. ಕೈಕಾಲು ಬಡಿಯುತ್ತಾ "ಕಾಪಾಡಿ!" ಅಂತ ಕೂಗಿದೆ. ಗೃಹಸಾಲದ ಇನ್ನೂ ಹನ್ನೊಂದು ವರ್ಷದ ಕಂತು ಕಣ್ಣ ಮುಂದೆ ಬಂತು. ಇನ್ನು ಅದು ಬ್ಯಾಂಕಿನ ತಲೆನೋವು ಅಂತ ಒಂದು ಕ್ಷಣ ಸಮಾಧಾನವೂ ಆಯಿತು.

ದಡದಿಂದ ಅಜ್ಜನ ದನಿ ಬಂತು. "ಹ್ವಾಯ್! ಎದ್ದ್ ನಿತ್ಕಣಿ ಮಾರಾಯ್ರೇ!"

ನಿಂತೆ. ನೀರು ಹೊಕ್ಕುಳಿಗಿಂತ ಕೆಳಗಿತ್ತು.

ಕೈರಂಪಣಿಯವರು ನಗಲಿಲ್ಲ. ಅದೇ ಜಾಸ್ತಿ ನೋವಾಯಿತು. ಪಕ್ಕದಲ್ಲಿ ಬಾಮೈದ ಎರಡೂ ಹುಟ್ಟು ಅವಚಿಕೊಂಡು ನಿಂತಿದ್ದ. ದೋಣಿ ಹೊಟ್ಟೆ ಮೇಲೆ ಮಾಡಿ ಸತ್ತ ತಿಮಿಂಗಿಲದ ಹಾಗೆ ತೇಲುತ್ತಿತ್ತು.

ಅದನ್ನು ನೆಟ್ಟಗೆ ಮಾಡುವುದು ಎಷ್ಟರ ಕೆಲಸ? ನೆಲಕ್ಕೆ ಕಾಲು ಊರಿದೆ, ಇಬ್ಬರು ಗಂಡಸರಿದ್ದೇವೆ, ಪ್ಲಾಸ್ಟಿಕ್ಕಿನ ವಸ್ತು. ಗುಂಡುಕಲ್ಲು ತಿರುಗಿಸಿ ದೋಸೆಹಿಟ್ಟು ರುಬ್ಬಿದ ಮನೆತನ ನಮ್ಮದು. ದೋಣಿ ದಡಕ್ಕೆ ಕೊಚ್ಚಿಹೋಗದಿರಲಿ ಅಂತ ನಾನು ದಡದ ಕಡೆಗೆ ಹೋಗಿ ಅಡ್ಡ ನಿಂತೆ. ಗೋಲ್‌ಕೀಪರ್ ಥರ. ಮುಂದಿನ ತೆರೆ ದೋಣಿಯನ್ನು ತಂದು ನನ್ನ ತೊಡೆಗೆ ಕೊಟ್ಟಿತು. ಒಂದು ಘನ ಮೀಟರ್ ಕಡಲ ನೀರು ಸುಮಾರು 1025 ಕಿಲೋ ತೂಗುತ್ತದಂತೆ. ಅಂದರೆ ಒಂದು ಸಣ್ಣ ಕಾರು. ಎರಡಡಿ ತೆರೆ ಅಂತ ನಾವು ಎತ್ತರ ಅಳೆದಿದ್ದೆವು, ತೂಕ ಅಳೆದಿರಲಿಲ್ಲ. ನಾನು ಮತ್ತೆ ನೀರಲ್ಲಿ ಕೂತೆ. ಈ ಸಲ "ಕಾಪಾಡಿ" ಅನ್ನಲಿಲ್ಲ, ಅಷ್ಟು ಮಾನ ಉಳಿದಿತ್ತು.

ಎರಡನೇ ಸಲ ಇಬ್ಬರೂ ಅಂಚು ಹಿಡಿದು "ಒಂದು, ಎರಡು, ಮೂರು" ಅಂದೆವು. ಅವನು "ಮೂರು" ಅಂದಾಗ ಎತ್ತಿದ, ನಾನು "ಮೂರು" ಆದ ಮೇಲೆ ಎತ್ತಿದೆ. ಆದರೂ ಹೇಗೋ ತಿರುಗಿತು. ಕಯಾಕ್ ನೆಟ್ಟಗಾಯಿತು! ನನ್ನ ಹೆಂಡತಿ ಚಪ್ಪಾಳೆ ಹೊಡೆದಳು. ಆದರೆ ಒಳಗೆ ಕಾಲಿಡುವ ಗುಂಡಿಗಳಲ್ಲಿ ನೀರು ತುಂಬಿ ನಿಂತಿತ್ತು. ಎರಡು ದೊಡ್ಡ ಕ್ಯಾನಿನಷ್ಟು. ಆ ನೀರು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ತುಳುಕಿ, ದೋಣಿ ಕುಡುಕನ ಹಾಗೆ ತೂಗಾಡಿ, ಸಣ್ಣ ತೆರೆಯೊಂದು ಬಂದು ಸುಮ್ನೆ ಮುಟ್ಟಿದ್ದಕ್ಕೇ ಮತ್ತೆ ಬೋರಲು.

"ಭಾವ, ಇದು ಹಾಗಾಗಬಾರದು" ಅಂದ ಬಾಮೈದ. ಎಂಜಿನಿಯರ್ ಮುಖ. "ಇದರಲ್ಲಿ ನೀರು ತಾನಾಗೇ ಇಳಿದು ಹೋಗಬೇಕು. ಅದಕ್ಕೇ ತಳದಲ್ಲಿ ತೂತು ಕೊಟ್ಟಿರ್ತಾರೆ. ಯಾಕೆ ಇಳೀತಿಲ್ಲ?"

ನನ್ನ ಹೊಟ್ಟೆಯೊಳಗೆ ಬಂಗುಡೆ ಒಂದು ಸಲ ಈಜಿತು.

"ಮರಳು ಕಟ್ಟಿಕೊಂಡಿರಬೇಕು" ಅಂದೆ.

ಮೂರನೇ ಸಲದ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ. ಅದೂ ಹಾಗೇ ಆಯಿತು. ನನ್ನ ಚಡ್ಡಿಯ ಎರಡೂ ಜೇಬಿನಲ್ಲಿ ಒಂದೊಂದು ಸೇರು ಹೊಯ್ಗೆ ತುಂಬಿ, ಒಂದು ಕೈಯಲ್ಲಿ ದೋಣಿ, ಒಂದು ಕೈಯಲ್ಲಿ ಚಡ್ಡಿ ಹಿಡಿಯಬೇಕಾಯಿತು ಅನ್ನುವುದು ಬಿಟ್ಟರೆ.

ಆಗ ಅಜ್ಜ ಎದ್ದರು. ಲುಂಗಿ ಮೇಲೆ ಕಟ್ಟಿ, ಬೀಡಿ ಕಿವಿಗೆ ಸಿಕ್ಕಿಸಿ, ಅಂಗಳಕ್ಕೆ ಇಳಿದ ಹಾಗೆ ಕಡಲಿಗೆ ಇಳಿದರು. ಎಪ್ಪತ್ತಂತೂ ದಾಟಿರಬೇಕು. "ದೋಣಿಗೂ ದಡಕ್ಕೂ ನಡು ನಿಲ್ಲೂಕಾಗ" ಅಂತ ನನ್ನನ್ನು ರಟ್ಟೆ ಹಿಡಿದು ಕಡಲಿನ ಕಡೆಗೆ ತಂದು ನಿಲ್ಲಿಸಿದರು. ದೋಣಿ ಹೊಡೆಯುವುದಿದ್ದರೆ ದಡವನ್ನು ಹೊಡೆಯಲಿ, ನಿಮ್ಮ ಕಾಲನ್ನು ಯಾಕೆ ಅಂತ ಅದರ ಅರ್ಥ. ಆಮೇಲೆ ಬೋರಲು ಬಿದ್ದ ದೋಣಿಯ ಮೂತಿಯನ್ನು ಮೆಲ್ಲಗೆ ಕಡಲಿಗೆ ತಿರುಗಿಸಿದರು. ತಿರುಗಿಸಿ ಸುಮ್ಮನೆ ನಿಂತರು. ನಾನು ಎತ್ತಲು ಹೋದರೆ ಕೈಯಲ್ಲೇ ತಡೆದರು. ಮೂರು ನಾಲ್ಕು ದೊಡ್ಡ ತೆರೆ ಒಂದರ ಹಿಂದೆ ಒಂದು ಬಂದು ಹೋದವು. ತೆರೆಗಳು ಹಾಗೆ ಗುಂಪಾಗಿ ಬರುತ್ತವೆ, ಆಮೇಲೆ ಸ್ವಲ್ಪ ಹೊತ್ತು ಕಡಲು ಉಸಿರು ತೆಗೆದುಕೊಳ್ಳುತ್ತದೆ. ಇಷ್ಟು ಹೊತ್ತು ನಾವು ಆ ಗುಂಪಿನ ನಡುವೆಯೇ ಕುಸ್ತಿ ಮಾಡಿದ್ದೆವು.

ಕಡಲು ತಣ್ಣಗಾಯಿತು. ಅಜ್ಜ ದೋಣಿಯ ಹೊಟ್ಟೆಯ ಮೇಲಿಂದ ಕೈಚಾಚಿ ಆಚೆ ಅಂಚಿನ ಪಟ್ಟಿ ಹಿಡಿದರು. ಹಿಡಿದವರು ಎಳೆಯಲಿಲ್ಲ.

ತಳ ನೋಡುತ್ತಿದ್ದರು.

ತೋರುಬೆರಳು ಹಾಕಿ ಒಂದು ನಾರಿನ ಉಂಡೆ ಎಳೆದು ತೆಗೆದರು. ಅಂಗೈ ಮೇಲೆ ಇಟ್ಟುಕೊಂಡು ನೋಡಿದರು. ಆಮೇಲೆ ಬಾಮೈದನನ್ನು ನೋಡಿದರು. ಅವನು ಆ ಕಡೆ ತಿರುಗಿ ನನ್ನ ಕನ್ನಡಕ ಹುಡುಕುತ್ತಿದ್ದ. ಆಮೇಲೆ ನನ್ನನ್ನು ನೋಡಿದರು. ನನ್ನ ಮುಖದಲ್ಲಿ ಏನು ಕಂಡಿತೋ, ಏನೂ ಕೇಳಲಿಲ್ಲ. ಉಳಿದ ಐದನ್ನೂ ಟಕಟಕ ಕಿತ್ತು ನೀರಿಗೆ ಎಸೆದರು. ಅಂಚು ಹಿಡಿದು, ಒಂದು ಹೆಜ್ಜೆ ಹಿಂದಿಟ್ಟು, ಇಡೀ ಮೈಭಾರ ಹಿಂದಕ್ಕೆ ಬಿಟ್ಟರು. ದೋಣಿ ಮಗ್ಗುಲು ಬದಲಿಸುವ ಮಗುವಿನ ಹಾಗೆ ಹೊರಳಿತು. ಒಳಗಿನ ನೀರು ಗೊಳಗೊಳ ಸದ್ದು ಮಾಡಿ ಆರು ತೂತಿನಿಂದ ಇಳಿದು ಹೋಯಿತು.

"ಈಗ ಸರಿಯಾಯ್ತು ನೋಡಿ!" ಅಂದ ಬಾಮೈದ. "ಮರಳು ಬಿಟ್ಟುಕೊಂಡಿತು ಅನ್ನಿಸುತ್ತೆ."

"ಹೌದು" ಅಂದೆ. ಅಜ್ಜ ಕಿವಿಯ ಬೀಡಿ ತೆಗೆದು ನೋಡಿದರು, ಒದ್ದೆಯಾಗಿರಲಿಲ್ಲ.

ಸಂಜೆ ಗೋಳಿಬಜೆ, ಚಾ. ಕನ್ನಡಕ ಸಿಗಲಿಲ್ಲ. ತೊಡೆಯ ಮೇಲಿನ ನೀಲಿ ಗುರುತು ಮಾಯಲು ಎರಡು ವಾರ ಬೇಕಾಯಿತು. ವಿಡಿಯೊ ಒಟ್ಟು ಒಂಬತ್ತು ನಿಮಿಷ. ಅದರಲ್ಲಿ ಚಿತ್ರ ಅಲುಗಾಡುವುದು ತೆರೆಯಿಂದಲ್ಲ, ಹಿಡಿದವಳ ನಗುವಿನಿಂದ. ಮನೆಯವರ ವಾಟ್ಸಾಪ್ ಗುಂಪಿಗೆ ಅದೇ ರಾತ್ರಿ ಹೋಯಿತು. ಶಿವಮೊಗ್ಗದ ದೊಡ್ಡಮ್ಮ "ನೀರು ಇಷ್ಟೇ ಇತ್ತಾ?" ಅಂತ ಬರೆದರು.

ಹೋದ ವಾರ ಯುಗಾದಿಗೆ ಬಾಮೈದ ಮನೆಗೆ ಬಂದಿದ್ದ. ಹೋಳಿಗೆ ತಿನ್ನುತ್ತಾ ಅದೇ ವಿಡಿಯೊವನ್ನು ಟಿವಿಗೆ ಹಾಕಿದ, ನಲವತ್ಮೂರು ಇಂಚಿನದು. ಎಂಟನೇ ನಿಮಿಷದ ಹತ್ತಿರ ತಟ್ಟನೆ ನಿಲ್ಲಿಸಿದ.

"ಭಾವ, ಈ ಅಜ್ಜ ಇಲ್ಲಿ ತಳದಿಂದ ಏನೋ ಕಿತ್ತು ಎಸೀತಿದ್ದಾರಲ್ಲ, ಏನದು?"

"ಪಾಚಿ" ಅಂದೆ.

ಅವನು ಎದ್ದು ಟಿವಿಯ ಹತ್ತಿರ ಹೋದ.