ಮದುವೆ ಊಟ ಉಳಿದರೆ 1098ಕ್ಕೆ ಫೋನ್ ಮಾಡಬೇಡಿ

"ಸಮಾರಂಭದಲ್ಲಿ ಊಟ ಉಳಿದಿದೆಯಾ? 1098ಕ್ಕೆ ಫೋನ್ ಮಾಡಿ, ಬಂದು ತಗೊಂಡು ಹೋಗ್ತಾರೆ." ಈ ಮೆಸೇಜ್ ನಿಮಗೂ ಬಂದಿರುತ್ತೆ, ಅಲ್ವಾ? ಕಳಿಸುವವರ ಮನಸ್ಸು ಒಳ್ಳೆಯದೇ. ವಿಷಯ ಮಾತ್ರ ತಪ್ಪು.

1098 ಮಕ್ಕಳ ಸಹಾಯವಾಣಿ. 1996ರಲ್ಲಿ ಮುಂಬೈನಲ್ಲಿ ಶುರುವಾಯಿತು. ಮನೆ ಬಿಟ್ಟು ಬಂದ ಮಗು, ಏಟು ತಿನ್ನುತ್ತಿರುವ ಮಗು, ಓದು ಬಿಡಿಸಿ ಮದುವೆಗೆ ಕೂರಿಸಿರುವ ಹುಡುಗಿ, ಇಂಥವರಿಗಾಗಿ ಹಗಲು ರಾತ್ರಿ ಎನ್ನದೆ ಇರುವ ನಂಬರ್ ಅದು. ಊಟ ಒಯ್ಯುವ ಕೆಲಸ ನಮ್ಮದಲ್ಲ ಎಂದು ಸಹಾಯವಾಣಿಯವರೇ ಹೇಳಿದ್ದೂ ಆಗಿದೆ. ನಾವು ಎರಡು ಕೊಳಗ ಸಾರು ಉಳಿದಿದೆ ಅಂತ ಸುಮ್ನೆ ಲೈನ್ ಹಿಡಿದು ಕೂತರೆ, ಅದೇ ಹೊತ್ತಿಗೆ ಯಾವುದೋ ಮಗುವಿನ ಕರೆ ಕಾಯುತ್ತಿರಬಹುದು.

ಹಾಗಾದರೆ ಊಟ ಯಾರು ಒಯ್ಯುತ್ತಾರೆ? ಅದಕ್ಕೇ ಬೇರೆ ಗುಂಪುಗಳಿವೆ. 2014ರಲ್ಲಿ ದೆಹಲಿಯಲ್ಲಿ ಶುರುವಾದ ರಾಬಿನ್ ಹುಡ್ ಆರ್ಮಿ ಈಗ ಬೆಂಗಳೂರಿನಲ್ಲೂ ಇದೆ. ಸ್ವಯಂಸೇವಕರು ಹೋಟೆಲ್, ಛತ್ರಗಳಿಂದ ಊಟ ತಂದು ಹಂಚುತ್ತಾರೆ. ಉಳಿದ ಆಹಾರ ಹಂಚುವುದಕ್ಕೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2019ರಲ್ಲೇ ನಿಯಮವನ್ನೂ ತಂದಿದೆ.

ಆದರೆ ರಾತ್ರಿ ಹನ್ನೊಂದಕ್ಕೆ, ಎಲ್ಲ ಮುಗಿದ ಮೇಲೆ ಫೋನ್ ಮಾಡಿದರೆ ಯಾರಿಗೂ ಕಷ್ಟ. ಬೆಳಿಗ್ಗೆ ಮಾಡಿದ ಪಲ್ಯ ಅಷ್ಟೊತ್ತಿಗೆ ಹಳಸಿರುತ್ತೆ. ಛತ್ರ ಬುಕ್ ಮಾಡುವಾಗಲೇ ನಿಮ್ಮೂರಿನ ಗುಂಪೊಂದರ ಜೊತೆ ಮಾತಾಡಿಡಿ. ಎಲೆ ಮೇಲೆ ಬಡಿಸಿದ್ದನ್ನು ಕೊಡಬೇಡಿ. ಬಡಿಸದೆ ಪಾತ್ರೆಯಲ್ಲೇ ಉಳಿದದ್ದನ್ನು ಮುಚ್ಚಿ ಬೇರೆ ಇಡಿಸಿ. ಮೊಸರನ್ನವನ್ನಂತೂ ಆದಷ್ಟು ಬೇಗ ಕಳಿಸಿ.